ಹೊಳೆಸಾಲಿನ ಕಾಡನ್ನು ಕೊಲ್ಲುತ್ತಿರುವುದು ನೆರೆಯಲ್ಲ

ಮಾನ್ಯ ಸಂಪಾದಕರೇ,

ತುಂಗಭದ್ರೆ ತುಂಬಿ ಹರಿದ ಮಳೆಗಾಲಗಳಲ್ಲಿ ನಮ್ಮ ದಾವಣಗೆರೆ ಜಿಲ್ಲೆಯ ಸುದ್ದಿ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಬರುತ್ತದೆ: ಹೊನ್ನಾಳಿಯ ಬಾಲರಾಜ್ ಘಾಟ್ ಬಳಿ ಮನೆಗಳಿಗೆ ನೀರು ನುಗ್ಗಿತು, ಹರಿಹರದ ಗಂಗಾನಗರದವರು ಕಾಳಜಿ ಕೇಂದ್ರ ಸೇರಿದರು, ಫತ್ತೇಪುರದಿಂದ ಉಕ್ಕಡಗಾತ್ರಿಗೆ ಹೋಗುವ ರಸ್ತೆ ಮುಳುಗಿತು, ಹೊಳೆಸಾಲಿನ ಭತ್ತದ ಗದ್ದೆಗಳು ಜಲಾವೃತವಾದವು. ಅದರ ಬೆನ್ನಿಗೇ ತಡೆಗೋಡೆ ಕಟ್ಟಬೇಕೆಂಬ ಬೇಡಿಕೆ ಏಳುತ್ತದೆ. ಜನವಸತಿ ಇರುವ ಕಡೆ ಆ ಬೇಡಿಕೆ ನ್ಯಾಯವಾದದ್ದೇ. ಮಳೆಗಾಲ ಬಂತೆಂದರೆ ಮನೆಯ ಸಾಮಾನು ಹೊತ್ತು ಓಡಬೇಕಾದವರಿಗೆ ಕಾಡಿನ ಮಾತು ಹೇಳಿ ಸಮಾಧಾನಪಡಿಸಲು ಆಗುವುದಿಲ್ಲ. ಆದರೆ ಊರಿನ ಅಂಚು ದಾಟಿ ಹೊಲ, ತೋಟಗಳ ಉದ್ದಕ್ಕೂ ಕಲ್ಲು, ಕಾಂಕ್ರೀಟಿನ ದಂಡೆ ಕಟ್ಟಿಬಿಡೋಣ ಎನ್ನುವ ಮಾತು ಬಂದಾಗ, ಆ ದಂಡೆಯ ಮೇಲೆ ಈಗ ಏನಿದೆ, ಮೊದಲು ಏನಿತ್ತು ಎಂದು ಯಾರೂ ಕೇಳುತ್ತಿಲ್ಲವೆಂಬುದು ನನ್ನ ಕಳವಳ. ಅಲ್ಲಿ ಇದ್ದದ್ದು ಕಾಡು. ನೆರೆಯ ನೀರು ಏರಿ ಇಳಿಯುವ ನೆಲದಲ್ಲಿ ಮಾತ್ರ ಬೆಳೆಯುವ, ಆ ನೆರೆಯಿಂದಲೇ ಮರುಹುಟ್ಟು ಪಡೆಯುವ ಕಾಡು. ಅದರ ಬಗ್ಗೆ ವಿವರವಾಗಿ ಬರೆಯಲು ತಮ್ಮ ಪತ್ರಿಕೆಯಲ್ಲಿ ಸ್ವಲ್ಪ ಹೆಚ್ಚು ಜಾಗ ಕೋರುತ್ತೇನೆ.

ಕಾಡೆಂದರೆ ಮಲೆನಾಡು, ಇಲ್ಲವೇ ಜೋಗಿಮಟ್ಟಿ, ರಂಗಯ್ಯನದುರ್ಗದಂಥ ಗುಡ್ಡಗಳು ಎಂದೇ ನಮ್ಮ ಬಯಲುಸೀಮೆಯವರ ಎಣಿಕೆ. ಹೊನ್ನಾಳಿಯಿಂದ ಹರಿಹರದವರೆಗೆ ಹೊಳೆಯ ಎರಡೂ ಮಗ್ಗುಲಲ್ಲಿ ಹಬ್ಬಿದ್ದ ಮರಗಳನ್ನು ನಾವು ಕಾಡೆಂದು ಕರೆದದ್ದೇ ಇಲ್ಲ. ಅವು ಹೊಳೆದಂಡೆಯ ಮರಗಳು, ಅಷ್ಟೆ. ದಡದ ತೀರಾ ಅಂಚಿನಲ್ಲಿ ನೀರಿಗೆ ಬಾಗಿದ ಹೊಂಗೆ, ಅತ್ತಿ, ವಂಜಿ. ಅದರ ಮೇಲಿನ ಮಟ್ಟದಲ್ಲಿ ನುಣುಪಾದ ಬಿಳಿ ತೊಗಟೆಯ ದೊಡ್ಡ ಹೊಳೆಮತ್ತಿ, ನೇರಳೆ, ಹಿಪ್ಪೆ. ಇನ್ನೂ ಮೇಲಕ್ಕೆ, ದೊಡ್ಡ ನೆರೆ ಮಾತ್ರ ಮುಟ್ಟುವ ನೆಲದಲ್ಲಿ ಹುಣಸೆ, ಕರಿಜಾಲಿ, ಈಚಲು, ಬಿದಿರು. ಇದು ಯಾರೋ ನೆಟ್ಟ ಸಾಲಲ್ಲ. ಯಾವ ಮರ ಎಷ್ಟು ದಿನ ನೀರಲ್ಲಿ ನಿಲ್ಲಬಲ್ಲದೋ ಅದರ ಪ್ರಕಾರ ಹೊಳೆಯೇ ಮಾಡಿಕೊಂಡ ವಿಂಗಡಣೆ. ಈಗ ಅದು ತುಂಡು ತುಂಡಾಗಿ, ದೇವಸ್ಥಾನದ ಹಿತ್ತಲಲ್ಲಿ, ರುದ್ರಭೂಮಿಯ ಮಗ್ಗುಲಲ್ಲಿ, ಯಂತ್ರಗಳು ಇಳಿಯಲಾಗದ ಕಡಿದಾದ ದಂಡೆಗಳಲ್ಲಿ, ಕೆಲವು ನಡುಗಡ್ಡೆಗಳಲ್ಲಿ ಮಾತ್ರ ಉಳಿದಿದೆ.

ನೆರೆ ಬಂದರೆ ಮರಗಳು ಕೊಚ್ಚಿಹೋಗುತ್ತವೆ, ಆದ್ದರಿಂದ ನೆರೆಯೇ ಕಾಡಿಗೆ ಶತ್ರು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಕೊಚ್ಚಿಹೋಗುವುದೇನೋ ನಿಜ. ಹೊಳೆ ತಿರುವಿನ ಹೊರಮಗ್ಗುಲನ್ನು ಕೊರೆಯುತ್ತದೆ, ಅಲ್ಲಿ ನಿಂತಿದ್ದ ಹಳೆಯ ಮತ್ತಿಮರವನ್ನು ಬೇರುಸಮೇತ ಉರುಳಿಸುತ್ತದೆ. ಆದರೆ ಅದೇ ನೆರೆ ತಿರುವಿನ ಒಳಮಗ್ಗುಲಿಗೆ ಮರಳನ್ನೂ ಅದರ ಮೇಲೆ ಮೆಕ್ಕಲು ಮಣ್ಣನ್ನೂ ತಂದು ಹಾಸುತ್ತದೆ. ಒಂದು ದಡದಲ್ಲಿ ಕಳೆದ ನೆಲ ಮತ್ತೊಂದು ದಡದಲ್ಲಿ ಹುಟ್ಟುತ್ತದೆ, ಮತ್ತು ಹೊಸ ಸಸಿಗಳು ಏಳುವುದು ಈ ಹೊಸ ನೆಲದಲ್ಲೇ, ಏಕೆಂದರೆ ದೊಡ್ಡ ಮರಗಳ ದಟ್ಟ ನೆರಳಿನಡಿ ಇವುಗಳ ಬಹುಪಾಲು ಸಸಿಗಳಿಗೆ ಬೇಕಾದಷ್ಟು ಬಿಸಿಲು ಸಿಗುವುದಿಲ್ಲ. ನೆರೆಯೇ ಇಲ್ಲದಿದ್ದರೆ ಹಳೆಯ ಮರಗಳು ಕೆಲವು ದಶಕ ಹಾಗೆಯೇ ನಿಂತಿರುತ್ತವೆ, ನೋಡುವವರಿಗೆ ಕಾಡು ಚೆನ್ನಾಗಿಯೇ ಇದೆ ಎನಿಸುತ್ತದೆ. ಆದರೆ ಅವುಗಳ ಕೆಳಗೆ ಮುಂದಿನ ತಲೆಮಾರು ಇರುವುದಿಲ್ಲ. ಹೊಳೆಸಾಲಿನ ಕಾಡಿನ ಆರೋಗ್ಯವನ್ನು ಅಳೆಯಬೇಕಾದದ್ದು ದೊಡ್ಡ ಮರಗಳ ಎಣಿಕೆಯಿಂದಲ್ಲ, ಮೊಣಕಾಲುದ್ದದ ಸಸಿಗಳಿವೆಯೇ ಎಂಬುದರಿಂದ.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು ನೆರೆ ಇಳಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ, ಮರಳು ತೆಗೆಯದ ಯಾವುದಾದರೂ ದಂಡೆಗೆ ಇಳಿದು ನೋಡಬಹುದು. ನೀರು ಏರಿ ನಿಂತಿದ್ದ ಗುರುತಿನಲ್ಲಿ ಕಸಕಡ್ಡಿಯ ಒಂದು ಉದ್ದನೆಯ ಗೆರೆ ಇರುತ್ತದೆ. ಜೊಂಡಿನ ತುಂಡು, ಬಿದಿರಿನ ಎಲೆ, ಪ್ಲಾಸ್ಟಿಕ್ ಬಾಟಲಿಗಳ ನಡುವೆ ಐದು ರೆಕ್ಕೆಯ ಕಂದುಬಣ್ಣದ ಕಾಯಿಗಳು ಸಿಗುತ್ತವೆ. ಅವು ಹೊಳೆಮತ್ತಿಯ ಕಾಯಿಗಳು. ಬೇಸಿಗೆಯಲ್ಲಿ ಒಣಗಿ ಉದುರಿ ಮರದ ಬುಡದಲ್ಲಿ ಬಿದ್ದಿದ್ದವನ್ನು ಮುಂಗಾರಿನ ನೀರು ಎತ್ತಿ ತೇಲಿಸಿಕೊಂಡು ಬಂದು, ಇಳಿಯುವಾಗ ಆ ಗೆರೆಯಲ್ಲಿ ಬಿಟ್ಟು ಹೋಗಿರುತ್ತದೆ. ಕಸವನ್ನು ಸ್ವಲ್ಪ ಸರಿಸಿದರೆ ಕೆಳಗಿನ ಮೆಕ್ಕಲು ಇನ್ನೂ ತೇವವಾಗಿಯೇ ಇರುತ್ತದೆ, ಕಾಯಿಯ ತುದಿ ಒಡೆದು ಬಿಳಿಯ ಬೇರು ಇಳಿದಿರುವುದೂ ಕಾಣುತ್ತದೆ. ಹೊಂಗೆಯ ಕಾಯಿಯೂ ಹೀಗೆಯೇ ತೇಲಿ ಬರುತ್ತದೆ. ನೇರಳೆಯ ಬೀಜಕ್ಕೆ ಒಣಗಿ ಕಾಯುವ ಶಕ್ತಿಯಿಲ್ಲ. ಕೆಲವೇ ವಾರಗಳಲ್ಲಿ ತೇವದ ನೆಲ ಸಿಗದಿದ್ದರೆ ಸತ್ತುಹೋಗುತ್ತದೆ. ಹಾಗಾಗಿಯೇ ಅದರ ಹಣ್ಣು ಮುಂಗಾರಿನ ಹೊತ್ತಿಗೆ ಸರಿಯಾಗಿ ಮಾಗುತ್ತದೆ. ಮರಗಳ ಕಾಲವೂ ಹೊಳೆಯ ಕಾಲವೂ ಸಾವಿರಾರು ವರ್ಷಗಳಿಂದ ಹೀಗೆ ಹೊಂದಿಕೊಂಡು ಬಂದಿವೆ.

ನೀರಿನಲ್ಲಿ ನಿಲ್ಲುವ ಶಕ್ತಿಯೂ ಸುಮ್ಮನೆ ಬಂದದ್ದಲ್ಲ. ಮಣ್ಣು ನೀರಿನಿಂದ ತುಂಬಿದಾಗ ಬೇರುಗಳಿಗೆ ಆಮ್ಲಜನಕ ಸಿಗದೆ ಸಾಮಾನ್ಯ ಮರಗಳು ಉಸಿರುಕಟ್ಟಿ ಸಾಯುತ್ತವೆ. ಮಾವಿನ ತೋಟದಲ್ಲಿ ನೀರು ನಿಂತರೆ ಏನಾಗುತ್ತದೆ ಎಂಬುದು ರೈತರಿಗೆ ಗೊತ್ತು. ಹೊಳೆದಂಡೆಯ ಮರಗಳಲ್ಲಿ ಹಲವು, ನೀರೇರಿದಾಗ ಕಾಂಡದ ಮೇಲ್ಭಾಗದಲ್ಲಿ ಹೊಸ ಬೇರು ಬಿಡುತ್ತವೆ, ತೊಗಟೆಯ ಸಣ್ಣ ರಂಧ್ರಗಳನ್ನು ಹಿಗ್ಗಿಸಿಕೊಳ್ಳುತ್ತವೆ, ಬೇರಿನೊಳಗೆ ಗಾಳಿಯ ಹಾದಿ ಮಾಡಿಕೊಳ್ಳುತ್ತವೆ. ಆದರೆ ಈ ಶಕ್ತಿಗೂ ಮಿತಿಯುಂಟು. ಏರಿದ ನೀರು ಇಳಿಯಬೇಕು. ಅಣೆಕಟ್ಟಿನ ಹಿನ್ನೀರಿನಲ್ಲಿ ವರ್ಷಗಟ್ಟಲೆ ಮುಳುಗಿ ನಿಂತ ಒಣ ಬೊಡ್ಡೆಗಳನ್ನು ಭದ್ರೆಯ ಮೇಲ್ಭಾಗಕ್ಕೆ ಹೋದವರೆಲ್ಲ ಕಂಡಿದ್ದಾರೆ. ಏರುವುದು ಎಷ್ಟು ಮುಖ್ಯವೋ ಇಳಿಯುವುದೂ ಅಷ್ಟೇ ಮುಖ್ಯ. ನಾವು ಕೆಡಿಸಿರುವುದು ಈ ಏರಿಳಿತದ ಲಯವನ್ನೇ.

ಇಲ್ಲಿ ತುಂಗೆಯನ್ನೂ ಭದ್ರೆಯನ್ನೂ ಬೇರೆ ಬೇರೆಯಾಗಿ ನೋಡಬೇಕು. ಕೂಡ್ಲಿಯಲ್ಲಿ ಒಂದಾಗುವ ಈ ಎರಡು ಹೊಳೆಗಳು ಗಂಗಾಮೂಲದಲ್ಲಿ ಒಟ್ಟಿಗೇ ಹುಟ್ಟಿದರೂ ನಮ್ಮ ಕಡೆ ಬರುವ ಹೊತ್ತಿಗೆ ಅವುಗಳ ನಡೆ ಒಂದೇ ಆಗಿ ಉಳಿದಿಲ್ಲ. ಗಾಜನೂರಿನಲ್ಲಿ ತುಂಗೆಗೆ ಕಟ್ಟಿರುವ ಜಲಾಶಯದ ಸಾಮರ್ಥ್ಯ ಮೂರು ಟಿಎಂಸಿ ಅಡಿಗಿಂತ ಸ್ವಲ್ಪ ಹೆಚ್ಚು. ಅದು ಮುಂಗಾರಿನ ಆರಂಭದಲ್ಲೇ ತುಂಬಿ, ಮುಂದಿನ ನೀರೆಲ್ಲ ಹೊಳೆಗೇ ಬರುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ ಅಡಿ. ಅದರ ನೀರು 186 ಅಡಿಯ ಗರಿಷ್ಠ ಮಟ್ಟಕ್ಕೆ ಸಮೀಪಿಸುವವರೆಗೆ ಭದ್ರೆಯ ನೆರೆ ನಮ್ಮತ್ತ ಬರುವುದೇ ಇಲ್ಲ, ಮಳೆ ಕಡಿಮೆಯಾದ ವರ್ಷ ಗೇಟು ತೆರೆಯುವ ಪ್ರಸಂಗವೇ ಬರುವುದಿಲ್ಲ. ಹೀಗೆ ನಾವಿಂದು ಕಾಣುವ ಬಹುಪಾಲು ನೆರೆಗಳು ತುಂಗೆಯವು. ಭದ್ರೆ ತುಂಬಿ ಗೇಟು ತೆರೆದ ದಿನ ಮಾತ್ರ ಎರಡೂ ಸೇರಿ ದೊಡ್ಡ ನೆರೆಯಾಗುತ್ತದೆ. ಭದ್ರಾ ನಾಲೆಗಳು ಒಂದು ಲಕ್ಷ ಹೆಕ್ಟೇರಿಗೂ ಮೀರಿದ ನೆಲಕ್ಕೆ ನೀರುಣಿಸುತ್ತವೆ. ದಾವಣಗೆರೆಯ ಭತ್ತ, ಚನ್ನಗಿರಿಯ ಅಡಿಕೆ, ನಮ್ಮ ಊರುಗಳ ಅಕ್ಕಿ ಗಿರಣಿಗಳು, ಇವೆಲ್ಲವೂ ಆ ನೀರಿನ ಋಣ. ಅಣೆಕಟ್ಟು ಬೇಡವಿತ್ತು ಎನ್ನುವ ಮಾತನ್ನು ಈ ಜಿಲ್ಲೆಯಲ್ಲಿ ಉಂಡು ಬೆಳೆದ ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ.

ನನ್ನ ಆಕ್ಷೇಪಣೆ ಗೇಟು ಮುಚ್ಚುವ ಬಗೆಯ ಕುರಿತು. ಮಳೆ ನಿಂತು ಒಳಹರಿವು ತಗ್ಗಿದ ಕೂಡಲೇ ನೀರು ಉಳಿಸುವ ಆತುರದಲ್ಲಿ ಹೊರಹರಿವನ್ನು ಏಕಾಏಕಿ ಇಳಿಸಿದರೆ, ಹೊಳೆಯ ಮಟ್ಟ ಒಂದೆರಡು ದಿನದಲ್ಲೇ ಕುಸಿಯುತ್ತದೆ. ಸಾವಿರಾರು ಕ್ಯುಸೆಕ್ ಹರಿದ ಕಡೆ ಮರಳು ಎರಡೇ ದಿನದಲ್ಲಿ ಒಣಗುತ್ತದೆ. ಆಗತಾನೇ ಮೊಳೆತ ಬೀಜದ ಬೇರಿಗಿಂತ ವೇಗವಾಗಿ ತೇವ ಕೆಳಗಿಳಿಯುತ್ತದೆ, ಸಸಿ ಸಾಯುತ್ತದೆ. ದಂಡೆಗೂ ಇದು ಒಳ್ಳೆಯದಲ್ಲ: ನೀರು ಕುಡಿದು ಭಾರವಾದ ಮಣ್ಣಿಗೆ ಎದುರಿನಿಂದ ಒತ್ತಿ ಹಿಡಿದಿದ್ದ ಹೊಳೆಯ ಆಸರೆ ಥಟ್ಟನೆ ತಪ್ಪಿದಾಗ ದಂಡೆ ಜಾರಿ ಬೀಳುತ್ತದೆ. ನೆರೆ ಏರುವಾಗ ಗಟ್ಟಿಯಾಗಿದ್ದ ಹೊಲದ ಅಂಚು ನೀರಿಳಿದ ಮೇಲೆ ಕುಸಿಯಿತೆಂದು ಹೊಳೆಸಾಲಿನ ರೈತರು ಹೇಳುವುದರ ಹಿಂದಿನ ಕಾರಣ ಇದೇ.

ಇದಕ್ಕೆ ಪರಿಹಾರ ಇದೆ, ಬೇರೆ ದೇಶದಲ್ಲಿ ಮಾಡಿಯೂ ನೋಡಿದ್ದಾರೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಓಲ್ಡ್‌ಮನ್ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ, ಅಲ್ಲಿನ ಹೊಳೆದಂಡೆಯ ಪಾಪ್ಲರ್ ಕಾಡು ಮರುಹುಟ್ಟಿಲ್ಲದೆ ಮುದಿಯಾಗುತ್ತದೆಂಬ ಆತಂಕ ವಿಜ್ಞಾನಿಗಳಿಗಿತ್ತು. ಆ ಮರಗಳ ಬೀಜ ಕೆಲವೇ ವಾರ ಬದುಕುತ್ತದೆ, ನಮ್ಮ ವಂಜಿಯಂತೆಯೇ ತೇವದ ಬರಿಮರಳಿನ ಮೇಲೆ ಬಿದ್ದರೆ ಮಾತ್ರ ಮೊಳೆಯುತ್ತದೆ, ಮತ್ತು ನೀರಿನ ಮಟ್ಟ ದಿನಕ್ಕೆ ಸುಮಾರು ಎರಡೂವರೆ ಸೆಂಟಿಮೀಟರಿಗಿಂತ ವೇಗವಾಗಿ ಇಳಿದರೆ ಅದರ ಬೇರು ಹಿಂಬಾಲಿಸಲಾರದು ಎಂಬುದನ್ನು ಅವರು ಕಂಡುಕೊಂಡಿದ್ದರು. 1995ರಲ್ಲಿ ದೊಡ್ಡ ನೆರೆ ಬಂದಾಗ ಅಣೆಕಟ್ಟಿನ ಎಂಜಿನಿಯರುಗಳು ಹೊರಹರಿವನ್ನು ಥಟ್ಟನೆ ನಿಲ್ಲಿಸದೆ ಹಂತಹಂತವಾಗಿ ಇಳಿಸಿದರು. ಹೊಳೆಯುದ್ದಕ್ಕೂ ಹೊಸ ಸಸಿಗಳು ಹೇರಳವಾಗಿ ಎದ್ದವು. ಅಲ್ಲಿನ ಅಂಕಿಯನ್ನು ಇಲ್ಲಿನ ಹೊಳೆಮತ್ತಿಗೆ, ನೇರಳೆಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಇಲ್ಲಿಯ ಮರಳಿನಲ್ಲಿ, ಇಲ್ಲಿಯ ಬಿಸಿಲಿನಲ್ಲಿ ಅಳೆಯಬೇಕು. ಭದ್ರಾ ಅಣೆಕಟ್ಟಿಗೆ ಸಮೀಪದ ಶಂಕರಘಟ್ಟದಲ್ಲೇ ಕುವೆಂಪು ವಿಶ್ವವಿದ್ಯಾಲಯವಿದೆ, ದಾವಣಗೆರೆಯಲ್ಲಿ ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಇಂಥ ಅಳತೆಗೆ ದುಬಾರಿ ಯಂತ್ರಗಳು ಬೇಡ, ಎರಡು ಮೂರು ಮಳೆಗಾಲಗಳ ತಾಳ್ಮೆ ಬೇಕು.

ಇನ್ನು ಮರಳು. ಈ ವಿಷಯ ಎತ್ತಿದರೆ ಕಾನೂನು ಮತ್ತು ಕಳ್ಳಸಾಗಣೆಯ ಚರ್ಚೆಯೇ ಮುಂದಾಗುತ್ತದೆ. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಕಡ್ಡಾಯವೆಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಆದೇಶಿಸಿದ್ದು ಎಲ್ಲ ಅಧಿಕಾರಿಗಳಿಗೂ ಗೊತ್ತಿರುವ ಸಂಗತಿ. ಆದರೆ ಮರಳು ತೆಗೆಯಲು ಗುರುತಿಸಿ ಅನುಮತಿ ಕೊಟ್ಟ ಬ್ಲಾಕಾಗಲಿ, ಅನುಮತಿ ಇಲ್ಲದ್ದಾಗಲಿ, ಹೊಳೆಯ ಪಾತ್ರದಲ್ಲಿ ಗುಂಡಿ ಬಿದ್ದರೆ ದಂಡೆಯ ಮರಕ್ಕೆ ಆಗುವುದು ಒಂದೇ. ಗುಂಡಿ ತುಂಬಿಕೊಳ್ಳಲು ಹೊಳೆ ಮೇಲಿನಿಂದಲೂ ಪಕ್ಕದಿಂದಲೂ ಮರಳು ಎಳೆದುಕೊಳ್ಳುತ್ತದೆ, ಪಾತ್ರ ತಗ್ಗುತ್ತದೆ, ಪಾತ್ರದ ಜೊತೆಗೆ ಬೇಸಿಗೆಯ ನೀರಿನ ಮಟ್ಟವೂ, ಅದಕ್ಕೆ ಹೊಂದಿಕೊಂಡ ದಂಡೆಯ ಅಂತರ್ಜಲವೂ ಕೆಳಗಿಳಿಯುತ್ತದೆ. ಎಳೆಯ ಮರಗಳ ಬೇರಿಗೆ ನೀರು ನಿಲುಕುವುದಿಲ್ಲ. ಪಾತ್ರ ಆಳವಾದ ಕಾರಣ, ಮೊದಲು ದಂಡೆ ಮೀರುತ್ತಿದ್ದ ಸಣ್ಣ ನೆರೆಗಳು ಈಗ ಮೇಲೇರುವುದಿಲ್ಲ. ಕಾಡಿಗೆ ಹಿತವಾದ ಸಣ್ಣ ನೆರೆ ತಪ್ಪಿಹೋಗಿ, ಕಾಡನ್ನೂ ಊರನ್ನೂ ಕಾಡುವ ದೊಡ್ಡ ನೆರೆ ಮಾತ್ರ ಉಳಿಯುತ್ತದೆ. ಅಂಥ ದಂಡೆಯನ್ನು ಬೇಸಿಗೆಯಲ್ಲಿ ಕೆಳಗಿನಿಂದ ನೋಡಿದರೆ ಎರಡಾಳು ಎತ್ತರದ ಮಣ್ಣಿನ ಗೋಡೆ ಕಾಣುತ್ತದೆ. ಅದರ ಮೇಲ್ತುದಿಯಿಂದ ಮತ್ತಿಮರದ ಬೇರುಗಳು ಚಾಪೆಯ ಹೆಣಿಕೆಯಂತೆ ಗಾಳಿಯಲ್ಲಿ ಜೋತುಬಿದ್ದಿರುತ್ತವೆ, ಮರದ ಒಂದು ಮಗ್ಗುಲಿನ ಕೊಂಬೆಗಳು ಆಗಲೇ ಒಣಗಿರುತ್ತವೆ. ಬೇಸಿಗೆಯಲ್ಲಿ ಹೊಳೆಯಿಂದ ಕುಡಿಯುವ ನೀರೆತ್ತುವ ಜಾಕ್‌ವೆಲ್ಲಿಗೆ ನೀರು ಸಿಗಲೆಂದು ಹೊಳೆಗೆ ಅಡ್ಡಲಾಗಿ ಮರಳಿನ ಚೀಲ ಪೇರಿಸುವ ಸ್ಥಿತಿ ನಮ್ಮ ನಗರಗಳಿಗೆ ಬಂದಿರುವುದರಲ್ಲೂ ಪಾತ್ರ ತಗ್ಗಿದ್ದರ ಪಾಲಿದೆ ಎಂಬುದು ನನ್ನ ಅಭಿಪ್ರಾಯ.

ಇಟ್ಟಿಗೆ ಭಟ್ಟಿಗಳಿಗೆ ಮೆಕ್ಕಲು ಮಣ್ಣು ಅಗೆಯುವುದು, ಹೊಳೆಯಂಚಿನವರೆಗೂ ಅಡಿಕೆ ತೋಟ ವಿಸ್ತರಿಸುವುದು, ಪಂಪ್‌ಸೆಟ್ ಇಳಿಸಲು ದಂಡೆ ಕಡಿಯುವುದು, ಇವುಗಳ ಪರಿಣಾಮವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಒಂದನ್ನು ಮಾತ್ರ ಗಮನಿಸಬೇಕು: ನೆರೆಯಿಂದ ನೆಲ ಕಳೆದರೆ ಬೇರೆಲ್ಲೋ ನೆಲ ಹುಟ್ಟುತ್ತದೆ ಎಂದೆನಲ್ಲ, ಭಟ್ಟಿಗೆ ಹೋದ ಮೆಕ್ಕಲು ಯಾವ ದಂಡೆಗೂ ಮರಳಿ ಬರುವುದಿಲ್ಲ.

ಹವಾಮಾನ ಬದಲಾಗುತ್ತಿರುವ ಕಾಲದಲ್ಲಿ ಈ ಭಾರ ಇನ್ನಷ್ಟು ಹೆಚ್ಚುತ್ತದೆ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶದ ಮೇಲೆ ಒಮ್ಮೆಗೇ ಸುರಿಯುವ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ ಎಂದು ತೋರಿಸಿತು. ನಮ್ಮ ಕಡೆಯ ಅನುಭವವೂ ಏರುಪೇರಿನದೇ: 2019ರ ಆಗಸ್ಟ್‌ನಲ್ಲಿ ಭಾರಿ ನೆರೆ, 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸುವಂಥ ಬರ, 2024ರಲ್ಲಿ ಮತ್ತೆ ತುಂಬಿದ ಹೊಳೆ. ಬರವನ್ನೂ ನೆರೆಯನ್ನೂ ತಡೆದುಕೊಂಡು ಬಂದ ಕಾಡಿಗೆ ಇದು ಹೊಸದೇನಲ್ಲ; ಒಂದು ಕೆಟ್ಟ ವರ್ಷದಲ್ಲಿ ಸತ್ತ ಸಸಿಗಳ ಬದಲು ಒಳ್ಳೆಯ ವರ್ಷದಲ್ಲಿ ಹೊಸವು ಏಳುತ್ತವೆ. ಆದರೆ ಏಳಲು ನೆಲ ಉಳಿದಿರಬೇಕು, ಬೀಜ ಕೊಡಲು ತಾಯಿಮರ ಉಳಿದಿರಬೇಕು. ಪ್ರಕೃತಿಯ ಏರುಪೇರು ಮತ್ತು ಮನುಷ್ಯನ ಕೈವಾಡ ಪ್ರತ್ಯೇಕವಾಗಿ ಬಂದಿದ್ದರೆ ಕಾಡು ತಾಳಿಕೊಳ್ಳುತ್ತಿತ್ತು. ಎರಡೂ ಒಂದರ ಮೇಲೊಂದು ಬಿದ್ದಾಗ ತಾಳಲಾರದು.

ನೆರೆಯೇ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಚಿತ್ರದುರ್ಗ ಜಿಲ್ಲೆಯ ವೇದಾವತಿಯೇ ಸಾಕ್ಷಿ. ಮಾರಿಕಣಿವೆಯಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ನಡುವಿನ ಸುಮಾರು ಒಂಬತ್ತು ದಶಕ ಅಣೆಕಟ್ಟಿನ ಕೆಳಗಿನ ಹೊಳೆ ತನ್ನ ಮೂಲ ನೆರೆಯನ್ನು ಕಾಣಲೇ ಇಲ್ಲ. ಹಿರಿಯೂರು, ಚಳ್ಳಕೆರೆ ಕಡೆಯ ಪಾತ್ರದಲ್ಲಿ ಆ ಜಾಗ ಹಿಡಿದದ್ದು ಬಳ್ಳಾರಿ ಜಾಲಿ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕ ಖಂಡಗಳ ಕಡೆಯಿಂದ ಭಾರತಕ್ಕೆ ತಂದ ಈ ಗಿಡ, ಆಳಕ್ಕೆ ಬೇರಿಳಿಸಿ ಒಣ ಮರಳಿನಲ್ಲೂ ಬದುಕುತ್ತದೆ. ದನ, ಕುರಿಗಳು ಕಾಯಿ ತಿಂದು ಬೀಜ ಹರಡುತ್ತವೆ. ಒಮ್ಮೆ ದಟ್ಟವಾದರೆ ಕೆಳಗೆ ಬೇರೇನೂ ಏಳಗೊಡುವುದಿಲ್ಲ. ದೂರದಿಂದ ನೋಡಿದರೆ ಹೊಳೆಯುದ್ದಕ್ಕೂ ಹಸಿರು, ಉಪಗ್ರಹದ ಚಿತ್ರದಲ್ಲೂ ಹಸಿರು; ಅದನ್ನು ಕಾಡೆಂದು ಲೆಕ್ಕ ಹಿಡಿಯುವುದಾದರೆ ನಾವು ನಮ್ಮನ್ನೇ ಮೋಸಪಡಿಸಿಕೊಂಡಂತೆ. 2022ರಲ್ಲಿ ನೀರು ಬಂದಾಗ ಹೊಳೆಗೆ ಹರಿಯಲು ಹಾದಿಯೇ ಇರಲಿಲ್ಲ. ಪಾತ್ರ ಜಾಲಿಯಿಂದ ತುಂಬಿತ್ತು, ಅಂಚು ಒತ್ತುವರಿಯಾಗಿತ್ತು, ತಗ್ಗಿನ ಹೊಲ, ತೋಟಗಳಿಗೆ ನೀರು ನುಗ್ಗಿತು. ಹೊಳೆ ಬತ್ತಿತೆಂದು ಅದರ ನೆಲವನ್ನು ನಮ್ಮದೆಂದುಕೊಂಡದ್ದರ ಫಲ ಅದು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಈಗ ವಾಣಿವಿಲಾಸ ಸಾಗರಕ್ಕೆ ಸೇರುತ್ತಿರುವುದರಿಂದ ವೇದಾವತಿಗೆ ಇನ್ನು ಮುಂದೆ ನೀರು ಬರುವ ಸಂಭವ ಹೆಚ್ಚು. ಜಾಲಿ ತೆಗೆದು ಮತ್ತಿ, ಹೊಂಗೆ, ಈಚಲು ಮರಳಿ ಹಬ್ಬಲು ಅವಕಾಶ ಮಾಡಿಕೊಡಬೇಕಾದ ಕಾಲ ಇದೇ.

ಜರ್ಮನಿಯವರು ರೈನ್ ನದಿಯಲ್ಲಿ ಇದೇ ಪಾಠವನ್ನು ಬಹಳ ತಡವಾಗಿ ಕಲಿತರು. 1817ರಿಂದ ಆರಂಭಿಸಿ ಆ ನದಿಯ ಮೇಲ್ಭಾಗದ ಅಂಕುಡೊಂಕುಗಳನ್ನು ಕತ್ತರಿಸಿ ನೇರ ಮಾಡಿದಾಗ ಹೊಳೆ ಸುಮಾರು 81 ಕಿಲೋಮೀಟರ್ ಗಿಡ್ಡವಾಯಿತು, ಹೊಸ ಹೊಲಗಳು ಸಿಕ್ಕವು, ಆದರೆ ನೀರಿನ ವೇಗ ಹೆಚ್ಚಿ ಕೆಳಗಿನ ಊರುಗಳಿಗೆ ನೆರೆ ಬೇಗ ತಲುಪತೊಡಗಿತು. ದಂಡೆ ಕಟ್ಟಿ ನೆರೆ ನಿಲ್ಲಿಸಿದ ಕಡೆ, ನೀರು ತಾಳದ ಜಾತಿಯ ಮರಗಳು ಕಾಡಿನೊಳಗೆ ಸೇರಿಕೊಂಡವು. ಈಗ ಅದೇ ಪ್ರದೇಶದಲ್ಲಿ ನೆರೆನೀರು ನಿಲ್ಲಲು ಜಾಗ ಬಿಟ್ಟು, ದೊಡ್ಡ ನೆರೆ ಇಲ್ಲದ ವರ್ಷಗಳಲ್ಲೂ ಬೇಕೆಂದೇ ಕಾಡಿನೊಳಕ್ಕೆ ನೀರು ಹರಿಸುತ್ತಾರೆ. ಕಾಡು ನೆರೆಯ ಅಭ್ಯಾಸ ಬಿಡದಿರಲಿ ಎಂಬುದು ಅದರ ಉದ್ದೇಶ. ಗೋಡೆ ಕಟ್ಟಿ, ಕೋಟಿಗಟ್ಟಲೆ ಖರ್ಚು ಮಾಡಿ, ಮತ್ತೆ ಗೋಡೆಯಲ್ಲಿ ಹಾದಿ ಮಾಡುವ ಆ ಸುತ್ತುದಾರಿ ತುಂಗಭದ್ರೆಯ ಮಟ್ಟಿಗೆ ಬೇಕಾಗಿಲ್ಲ. ತುಂಗೆಯ ದೆಸೆಯಿಂದ ನಮ್ಮ ಹೊಳೆಗೆ ಇನ್ನೂ ನೆರೆ ಬರುತ್ತಿದೆ.

ಈ ಕಾಡು ಉಳಿದರೆ ಲಾಭ ಹಕ್ಕಿಪಕ್ಷಿಗಳಿಗೆ ಮಾತ್ರ ಎಂದು ಯಾರೂ ಭಾವಿಸಬಾರದು. 1953ರಲ್ಲಿ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ 133 ಟಿಎಂಸಿ ಅಡಿ ಇತ್ತು. ಹೂಳು ತುಂಬಿ ಇಂದು ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಆ ಹೂಳಿನಲ್ಲಿ ಗಣಿಯ ಮಣ್ಣೂ ಇದೆ, ಹೊಲದ ಮಣ್ಣೂ ಇದೆ, ನಮ್ಮ ಕುಸಿದ ದಂಡೆಗಳ ಮಣ್ಣೂ ಇದೆ. ದಟ್ಟ ಬೇರಿನ ದಂಡೆ ಕುಸಿಯುವುದು ಕಡಿಮೆ. ನೆರೆಯ ನೀರು ಮರಗಳ ನಡುವೆ ಹಾಯುವಾಗ ವೇಗ ಕಳೆದುಕೊಂಡು ತನ್ನ ಹೂಳನ್ನು ಅಲ್ಲೇ ಬಿಡುತ್ತದೆ. ಭತ್ತದ ಗದ್ದೆಗಳಿಂದ ಬಸಿಯುವ ಗೊಬ್ಬರದ ಸಾರಜನಕದ ಒಂದು ಪಾಲನ್ನು ಅಲ್ಲಿನ ಮಣ್ಣಿನ ಸೂಕ್ಷ್ಮಜೀವಿಗಳು ಗಾಳಿಗೆ ಮರಳಿಸುತ್ತವೆ. ಇದೇ ಹೊಳೆಯ ಕೆಳಭಾಗದಲ್ಲಿ, ಕೊಪ್ಪಳ ಮತ್ತು ಬಳ್ಳಾರಿ ಭಾಗದ 34 ಕಿಲೋಮೀಟರ್ ಉದ್ದವನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸರ್ಕಾರ ಸಂರಕ್ಷಿತ ಪ್ರದೇಶವಾಗಿ ಘೋಷಿಸಿತು. ಹೊಳೆಯ ಒಂದು ತುಂಡನ್ನು ಕಾಯ್ದಿಡಬಹುದೆಂದು ಅಲ್ಲಿ ಒಪ್ಪಿಕೊಂಡ ಮೇಲೆ, ಅದಕ್ಕೆ ನೀರು ಕಳಿಸುವ ನಮ್ಮ ದಂಡೆಯನ್ನು ಹೀಗೆ ಬಿಡುವುದು ಸರಿಯಲ್ಲ.

ಹೊಳೆಯಂಚಿನಲ್ಲಿ ಜಮೀನು ಇರುವ ರೈತರ ಮಾತನ್ನು ಕಡೆಗಣಿಸಿ ಇದ್ಯಾವುದೂ ಆಗದು. ಎಕರೆಗಟ್ಟಲೆ ನೆಲ ಕಣ್ಣೆದುರೇ ಹೊಳೆಪಾಲಾದದ್ದನ್ನು ಕಂಡವರು ಅವರು. ಪಹಣಿಯಲ್ಲಿ ಇರುವ ನೆಲ ಸ್ಥಳದಲ್ಲಿ ಇಲ್ಲದೆ ಕಂದಾಯ ಕಟ್ಟಿದವರೂ ಇದ್ದಾರೆ. ಇನ್ನಷ್ಟು ನೆಲ ಬಿಡಿ ಎಂದು ಅವರಿಗೆ ಬರಿಗೈಯಲ್ಲಿ ಹೇಳುವುದು ಅನ್ಯಾಯ. ಆದ್ದರಿಂದ ಮೊದಲ ಹೆಜ್ಜೆ ಸರ್ಕಾರದ ನೆಲದಿಂದಲೇ ಆರಂಭವಾಗಬೇಕು: ಹೊನ್ನಾಳಿ, ಹರಿಹರ ತಾಲ್ಲೂಕುಗಳ ಹೊಳೆಸಾಲಿನ ಪ್ರತಿ ಊರಿನಲ್ಲೂ ಹೊಳೆ, ಹಳ್ಳಗಳಿಗೆ ಸೇರಿದ ಬಿ ಖರಾಬು (ಸಾಗುವಳಿಗೆ ಸೇರದ, ಸಾರ್ವಜನಿಕ) ನೆಲವನ್ನು ಸರ್ವೆ ಇಲಾಖೆ ಅಳೆದು, ಕಲ್ಲು ನೆಟ್ಟು, ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಲಿ. ಅಲ್ಲಿ ಉಳಿದಿರುವ ಹಳೆಯ ಮತ್ತಿ, ಹಿಪ್ಪೆ, ನೇರಳೆ ಮರಗಳನ್ನು ಅರಣ್ಯ ಇಲಾಖೆ ಬೀಜದ ಮರಗಳೆಂದು ಗುರುತು ಹಾಕಲಿ. ಖಾಸಗಿ ಜಮೀನಿನ ಅಂಚಿನಲ್ಲಿ ಮರ ಬೆಳೆಸುವ ರೈತರಿಗೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಬದುಕುಳಿದ ಸಸಿಗಳಿಗೆ ಹಣ ಕೊಡುವ ಪದ್ಧತಿ ಈಗಾಗಲೇ ಇದೆ. ಹೊಳೆದಂಡೆಯ ಜಾತಿಗಳಿಗೆ ಅದರಲ್ಲಿ ಹೆಚ್ಚಿನ ದರ ನಿಗದಿಪಡಿಸಿ, ನೆರೆಯಲ್ಲಿ ಕೊಚ್ಚಿಹೋದ ಸಸಿಗೂ ಲೆಕ್ಕ ಕೊಡುವಂತೆ ನಿಯಮ ಸಡಿಲಿಸಬೇಕು. ದಡದಿಂದ ಇಂತಿಷ್ಟು ದೂರ ಮರಳು ಬ್ಲಾಕ್ ಗುರುತಿಸಬಾರದೆಂಬ ನಿಯಮವನ್ನು ಪಾಲಿಸುವಾಗ, ಆ ದೂರವನ್ನು ಕುಸಿದ ದಂಡೆಯಿಂದಲ್ಲದೆ ಸರ್ವೆ ಕಲ್ಲಿನಿಂದ ಅಳೆಯಬೇಕು. ತಡೆಗೋಡೆಯ ಅಂದಾಜುಪಟ್ಟಿ ತಯಾರಿಸುವವರು ಊರು ಮುಗಿಯುವಲ್ಲಿ ಗೋಡೆಯನ್ನೂ ಮುಗಿಸಿ, ಮುಂದಿನ ದಂಡೆಗೆ ಮರ, ಬಿದಿರು, ಲಕ್ಕಿಗಿಡಗಳ ಖರ್ಚನ್ನು ಅದೇ ಪಟ್ಟಿಯಲ್ಲಿ ಸೇರಿಸಬೇಕು. ಭದ್ರಾ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ನಾಲೆಗೆ ನೀರು ಬಿಡುವ ದಿನಾಂಕದ ಜೊತೆಗೆ, ಹೊಳೆಯ ಗೇಟನ್ನು ಎಷ್ಟು ದಿನಗಳಲ್ಲಿ ಮುಚ್ಚುವುದು ಎಂಬ ವಿಷಯವೂ ಚರ್ಚೆಗೆ ಬರಬೇಕು.

ಇವುಗಳಲ್ಲಿ ಒಂದು ಕೆಲಸ ಮಾತ್ರ ಕಾಲಕ್ಕೆ ಕಟ್ಟುಬಿದ್ದದ್ದು. ಹೊಳೆಮತ್ತಿಯ ಕಾಯಿ ಬಲಿತು ಉದುರುವುದು ಫೆಬ್ರುವರಿಯಿಂದ ಮೇ ತಿಂಗಳೊಳಗೆ. ನೇರಳೆಯ ಬೀಜವನ್ನು ಜೂನ್, ಜುಲೈನಲ್ಲಿ ಹಣ್ಣಿನಿಂದ ಬಿಡಿಸಿದ ಕೆಲವೇ ದಿನಗಳಲ್ಲಿ ಬಿತ್ತಬೇಕು. ದೂರದ ಊರಿನಿಂದ ತಂದ ಸಸಿಗಳ ಬದಲು ಇದೇ ದಂಡೆಯ ಮರಗಳ ಬೀಜದಿಂದ ನರ್ಸರಿ ಮಾಡುವುದಾದರೆ, ಬೀಜ ಆಯುವ ಆದೇಶ ವಲಯ ಅರಣ್ಯ ಕಚೇರಿಗಳಿಗೆ ಜನವರಿಯೊಳಗೆ ತಲುಪಬೇಕು ಎಂದು ಜಿಲ್ಲಾಡಳಿತವನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ,
ಹರಿಹರ